ಒಂದೇ ಒಂದು ಡಿಗ್ರಿ

ರಾತ್ರಿ ಹೊತ್ತು ಹೈವೇಯಲ್ಲಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ನಮ್ಮ ಬಾಯಿಂದ ಬರೋದು ಒಂದೇ ಮಾತು: "ಡಿಪ್ ಮಾಡೋಕೆ ಏನು ರೋಗ ಇವನಿಗೆ?" ಹಿಂದೆಯೇ ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ಅನ್ನುವ ಭಾಷಣ. ನಾವೂ ಹೈ ಬೀಮ್ ಮಿನುಗಿಸಿ ಸೇಡು ತೀರಿಸಿಕೊಳ್ಳುತ್ತೇವೆ. ಅವನೂ ತಿರುಗಿ ಮಿನುಗಿಸುತ್ತಾನೆ. ಆಗ ಗೊತ್ತಾಗುತ್ತೆ, ಪುಣ್ಯಾತ್ಮ ಇಷ್ಟು ಹೊತ್ತೂ ಲೋ ಬೀಮ್‌ನಲ್ಲೇ ಇದ್ದ!

ಹೈ ಬೀಮ್ ವೀರರ ಪರ ನಾನು ವಕಾಲತ್ತು ಮಾಡ್ತಿಲ್ಲ. ಆದರೆ ಎಲ್ಲ ತಪ್ಪನ್ನೂ ಡ್ರೈವರ್‌ನ ಸಂಸ್ಕಾರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋದು ಸೋಮಾರಿತನ. ದೀಪದ ಮುಖ ತಿರುಗಿದ್ದರೆ ಲೋ ಬೀಮ್ ಕೂಡ ಕಣ್ಣು ಕುಕ್ಕುತ್ತೆ. ಅದು ಸಂಸ್ಕಾರದ ವಿಷಯ ಅಲ್ಲ, ಅಳತೆಯ ವಿಷಯ.

ಆ ಅಳತೆ ಎಷ್ಟು ಸೂಕ್ಷ್ಮ ಅಂತ ನೋಡಿ. ಕಾರು ಫ್ಯಾಕ್ಟರಿಯ ಲೈನಿನ ಕೊನೆಯಲ್ಲಿ ಮೊದಲು ವೀಲ್ ಅಲೈನ್‌ಮೆಂಟ್ ಆಗುತ್ತೆ. ಗಾಡಿ ಯಾವ ಕಡೆ ನೇರವಾಗಿ ಓಡುತ್ತೆ ಅಂತ ಖಚಿತವಾದ ಮೇಲೆ ಹೆಡ್‌ಲೈಟ್‌ನ ಸರದಿ. ದೀಪದ ಮುಂದೆ ಲೆನ್ಸ್ ಇರುವ ಒಂದು ಪೆಟ್ಟಿಗೆ ಬಂದು ನಿಲ್ಲುತ್ತೆ. ಅದರೊಳಗಿನ ಕ್ಯಾಮೆರಾ ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯನ್ನು ಓದುತ್ತೆ. ಆ ಗೆರೆ ಇರಬೇಕಾದ ಜಾಗಕ್ಕೆ ಬರುವ ತನಕ ದೀಪದ ಹಿಂದಿನ ಸ್ಕ್ರೂ ತಿರುಗಿಸುತ್ತಾರೆ.

ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 48ನೆಯದು ಹೇಳುವ ಪ್ರಕಾರ, ನೆಲದಿಂದ 80 ಸೆಂ.ಮೀ.ಗಿಂತ ಕೆಳಗಿರುವ ದೀಪದ ಲೋ ಬೀಮ್ ಹೊಸ ಗಾಡಿಯಲ್ಲಿ ಶೇ. 1ರಿಂದ 1.5ರಷ್ಟು ಕೆಳಮುಖವಾಗಿರಬೇಕು. ಶೇ. 1 ಅಂದರೆ 10 ಮೀಟರ್ ದೂರಕ್ಕೆ 10 ಸೆಂ.ಮೀ. ಇಳಿತ, ಅಷ್ಟೇ. ನಮ್ಮಂಥ ಎಡಬದಿ ಸಂಚಾರದ ದೇಶಕ್ಕೆ ಮಾಡಿದ ದೀಪದಲ್ಲಿ ಬಲಗಡೆ ಗೆರೆ ಚಪ್ಪಟೆ, ಎದುರಿನವನ ಕಣ್ಣು ಉಳಿಯಲಿ ಅಂತ. ಎಡಗಡೆ ಗೆರೆ ಮೇಲಕ್ಕೆ ಏರುತ್ತೆ, ರಸ್ತೆ ಅಂಚಿನಲ್ಲಿ ನಡೆಯುವವನು ಕಾಣಲಿ ಅಂತ. ಯಾರೋ ಇಂಜಿನಿಯರ್ ಕೂತು ಪಾದಚಾರಿಗೂ ಲೆಕ್ಕದಲ್ಲಿ ಜಾಗ ಕೊಟ್ಟಿದ್ದಾನೆ.

ಈಗ ಒಂದೇ ಒಂದು ಡಿಗ್ರಿ ದೀಪ ಮೇಲಕ್ಕೆದ್ದಿತು ಅಂದುಕೊಳ್ಳಿ. ಒಂದು ಡಿಗ್ರಿ ಅಂದರೆ ಸುಮಾರು ಶೇ. 1.75. ಶೇ. 1 ಇಳಿಯಬೇಕಿದ್ದ ಬೆಳಕು ಶೇ. 0.75 ಏರುತ್ತೆ. 70 ಸೆಂ.ಮೀ. ಎತ್ತರದ ದೀಪದ ಗೆರೆ 50 ಮೀಟರ್ ದೂರದಲ್ಲಿ 20 ಸೆಂ.ಮೀ. ಎತ್ತರದಲ್ಲಿ ಇರಬೇಕಿತ್ತು. ಈಗ ಒಂದು ಮೀಟರ್ ದಾಟಿ ಎದುರಿನ ಕಾರಿನವನ ಕಣ್ಣಿನ ಮಟ್ಟಕ್ಕೆ ಬಂತು. ಅವನು ಬೈಯೋದು ನಿಮ್ಮ ಅಪ್ಪ ಅಮ್ಮನನ್ನು.

ಒಂದು ಡಿಗ್ರಿ ತಪ್ಪೋಕೆ ಏನು ಬೇಕು? ಏನೂ ಬೇಡ. ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್ ಅಂತರ ಇರುವ ಕಾರಿನ ಹಿಂಭಾಗ, ಮುಂಭಾಗಕ್ಕಿಂತ ನಾಲ್ಕೂವರೆ ಸೆಂ.ಮೀ. ಹೆಚ್ಚು ಕುಸಿದರೆ ಸಾಕು. ಹಬ್ಬ ಮುಗಿಸಿ ಊರಿಂದ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಮ್ಮ ತುಂಬಿಸಿದ ರಾಗಿ ಮೂಟೆ, ತೆಂಗಿನಕಾಯಿ. ಕಾರಿನ ಮೂತಿ ಆಕಾಶ ನೋಡುತ್ತೆ. ಇದಕ್ಕೆಂದೇ ಸ್ಟಿಯರಿಂಗ್ ಪಕ್ಕ 0ಯಿಂದ 3ರ ತನಕ ಅಂಕಿ ಇರುವ ಪುಟ್ಟ ಚಕ್ರ ಕೊಟ್ಟಿರುತ್ತಾರೆ. ಎಷ್ಟು ಜನ ಮುಟ್ಟಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ. ಸನ್‌ರೂಫ್ ಬಟನ್ ಎಲ್ಲಿದೆ ಅಂತ ಮಾತ್ರ ಶೋರೂಮಿನಲ್ಲೇ ಗೊತ್ತಾಗಿರುತ್ತೆ.

ಇದು ಸಾಲದು ಅಂತ ಆಕ್ಸೆಸರಿ ಅಂಗಡಿಗೆ ಹೋಗಿ ಹ್ಯಾಲೊಜೆನ್ ಬಲ್ಬ್ ಕಿತ್ತು ಎಲ್ಇಡಿ ತುರುಕಿಸುತ್ತೇವೆ. ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರ್‌ಗೆ ತಂತಿ ಎಲ್ಲಿ ಉರಿಯುತ್ತೆ ಅನ್ನೋದು ಮಿಲಿಮೀಟರ್ ಲೆಕ್ಕದಲ್ಲಿ ಮುಖ್ಯ. ಬೆಳಕಿನ ಮೂಲ ಆ ಜಾಗದಲ್ಲಿ ಇಲ್ಲದಿದ್ದರೆ ಗೆರೆಯೇ ಕಲಸಿಹೋಗುತ್ತೆ. ಫ್ಯಾಕ್ಟರಿಯಲ್ಲಿ ಕ್ಯಾಮೆರಾ ಇಟ್ಟು ಮಾಡಿದ ಕೆಲಸವನ್ನು ಅಂಗಡಿ ಹುಡುಗ ಹತ್ತು ನಿಮಿಷದಲ್ಲಿ ನೀರುಪಾಲು ಮಾಡ್ತಾನೆ, ನಾವು ದುಡ್ಡು ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿ ಬರ್ತೀವಿ. ತಯಾರಕರ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. ಅಲ್ಲೇ ಇರುತ್ತೆ ಅದು, ಕಾಗದದ ಮೇಲೆ.

"ಹಳ್ಳಿ ರಸ್ತೇಲಿ ಬೀದಿದೀಪ ಇರಲ್ಲ ಗುರು, ಲೈಟ್ ಜಾಸ್ತಿ ಬೇಕು" ಅನ್ನೋದು ಸಿದ್ಧ ಉತ್ತರ. ನಾನು ಆ ಹಳ್ಳಿ ರಸ್ತೆಯಲ್ಲೇ ಬೆಳೆದವನು. ನಸುಕಿನಲ್ಲಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ನಡೆಯುವವರು, ರಾತ್ರಿ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ತೋಟಕ್ಕೆ ಹೋಗುವವರು ಅದರ ಎಡ ಅಂಚಿನಲ್ಲೇ ಇರ್ತಾರೆ. ನಿಮ್ಮ ಚೆಲ್ಲಾಪಿಲ್ಲಿ ಬೆಳಕು ಎದುರಿನ ಡ್ರೈವರ್‌ನ ಕಣ್ಣು ಕಟ್ಟಿದ ಆ ಎರಡು ಮೂರು ಕ್ಷಣ, ಅವನ ಗಾಡಿಯ ಎಡಕ್ಕೆ ನಡೆಯುತ್ತಿರುವವನು ಅವನ ಪಾಲಿಗೆ ಇಲ್ಲವೇ ಇಲ್ಲ. 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 22 ಮೀಟರ್. ಗುದ್ದಿದವನು ಅವನು. ನೀವು ಅಷ್ಟು ಹೊತ್ತಿಗೆ ಮುಂದಿನ ಟೋಲ್ ದಾಟಿರ್ತೀರಿ, ನಿಮ್ಮ ಹೆಸರು ಯಾವ ಎಫ್ಐಆರ್‌ನಲ್ಲೂ ಬರಲ್ಲ. "ಹಳ್ಳಿಯವರು ರಸ್ತೆ ನೋಡಿ ನಡೆಯಲ್ಲ" ಅಂತ ಹೇಳೋ ಮುಂಚೆ ಇದನ್ನ ಸ್ವಲ್ಪ ಯೋಚಿಸಿ.

ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗಬೇಕು. ಟೆಸ್ಟಿಂಗ್‌ನಲ್ಲಿ ಎಲ್ಲಾ ಪಾಸ್, ಪ್ರೊಡಕ್ಷನ್‌ಗೆ ಹೋದ ಮೇಲೆ ಮಾನಿಟರಿಂಗೇ ಇಲ್ಲ. ನಮ್ಮ ಆಪ್ ಎರಡು ನಿಮಿಷ ಬಿದ್ದರೆ ರಾತ್ರಿ ಮೂರು ಗಂಟೆಗೆ ಫೋನ್ ಬರುತ್ತೆ. ಸ್ವಂತ ಕಾರಿನ ನೋಂದಣಿ ಮಾತ್ರ ಒಂದೇ ಏಟಿಗೆ 15 ವರ್ಷ. ನಡುವೆ ನಾವು ಮಾಡಿಸೋದು ಹೊಗೆ ಪರೀಕ್ಷೆ, ಅದರಲ್ಲಿ ದೀಪದ ಮಾತೇ ಇಲ್ಲ. ನನಗೆ ಬಂದ ಸರ್ವಿಸ್ ಬಿಲ್‌ಗಳಲ್ಲಿ ವೀಲ್ ಅಲೈನ್‌ಮೆಂಟ್, ಪಾಲಿಶ್, ಸ್ಯಾನಿಟೈಸೇಶನ್ ಎಲ್ಲಾ ಇವೆ, ಹೆಡ್‌ಲೈಟ್ ಅಲೈನ್‌ಮೆಂಟ್ ಅನ್ನುವ ಸಾಲು ಒಂದರಲ್ಲೂ ಕಂಡಿಲ್ಲ. ಟೈರ್ ಸವೆದರೆ ನಮ್ಮ ದುಡ್ಡು ಹೋಗುತ್ತೆ. ದೀಪ ತಪ್ಪಿದರೆ ಬೇರೆಯವನ ಕಣ್ಣು ತಾನೆ!

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ನಡೆಯುವ ಎಂಒಟಿ ತಪಾಸಣೆಯಲ್ಲಿ ದೀಪದ ಮುಖ ತಪ್ಪಿದ್ದರೆ ಫೇಲ್. ಜಪಾನಿನ ತಪಾಸಣೆಯಲ್ಲೂ ಅದನ್ನು ಅಳೆಯುತ್ತಾರೆ. ನಾವೇನು ರಾಕೆಟ್ ಕೇಳುತ್ತಿಲ್ಲ. ಗ್ಯಾರೇಜಿನಲ್ಲಿ ತಳ್ಳಿಕೊಂಡು ಓಡಾಡಬಹುದಾದ ಒಂದು ಪೆಟ್ಟಿಗೆ ಸಾಕು. ಹೊಗೆ ನೋಡುವ ಜಾಗದಲ್ಲೇ ಅದನ್ನೂ ಇಡಿಸಿ. ಕಂಪನಿಗಳು ಪ್ರತಿ ಸರ್ವಿಸ್‌ನಲ್ಲಿ ದೀಪ ಅಳೆದು, ಅಂಕಿಯನ್ನು ಬಿಲ್‌ನಲ್ಲಿ ಬರೆಯಲಿ. ಎಲ್ಇಡಿ ತುರುಕುವ ಅಂಗಡಿಗೂ ದಂಡ ಬೀಳಲಿ, ಬರೀ ಗಾಡಿಯವನಿಗಲ್ಲ.

ಅಲ್ಲಿಯ ತನಕ ಸರ್ಕಾರವನ್ನು ಬೈದುಕೊಂಡು ಕೂರಬೇಕಾಗಿಲ್ಲ. ಬಾನೆಟ್ ಎತ್ತಿ ನೋಡಿ, ಬಹಳ ಕಾರುಗಳಲ್ಲಿ ದೀಪದ ಹತ್ತಿರವೇ 1.0% ಅಂತಲೋ 1.2% ಅಂತಲೋ ಬರೆದಿರುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಗೋಡೆಯಿಂದ 10 ಮೀಟರ್ ದೂರ, ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರ 0ಯಲ್ಲಿಟ್ಟು ಲೋ ಬೀಮ್ ಹಾಕಿ. 1.0% ಇದ್ದರೆ ಬೆಳಕಿನ ಚಪ್ಪಟೆ ಗೆರೆ ದೀಪದ ನಡುಮಧ್ಯದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗಿರಬೇಕು. ಗೆರೆ ಮೇಲಿದ್ದರೆ, ಅಥವಾ ಗೆರೆಯೇ ಕಾಣದೆ ಗೋಡೆ ತುಂಬ ಬೆಳಕಿದ್ದರೆ, ಮೊದಲು ಗ್ಯಾರೇಜಿಗೆ ಹೋಗಿ. ಸಿವಿಕ್ ಸೆನ್ಸ್ ಬಗ್ಗೆ ಆಮೇಲೆ ಮಾತಾಡೋಣ.