ಗುಂಪು ಕಟ್ಟುವ ಮುನ್ನ ಗಡಿ ನೋಡಿ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ಸಾವಿರ ಚುಕ್ಕೆಗಳ ನಡುವೆ ಕಂಪ್ಯೂಟರ್ ಮನಬಂದಂತೆ ಗೆರೆ ಎಳೆಯುತ್ತದೆ. ಅದರಲ್ಲಿ ಯಾವ ಗುಂಪೂ ಇಲ್ಲ. ಆದರೂ ಗುಂಪು ಹುಡುಕುವ ಸಾಫ್ಟ್‌ವೇರಿಗೆ ಕೊಟ್ಟರೆ ಅದು ಬಣ್ಣಬಣ್ಣದ ಗುಂಪುಗಳನ್ನು ತೋರಿಸಿಬಿಡುತ್ತದೆ. ಬರೀ ಆಕಸ್ಮಿಕ ಜಾಲಕ್ಕೂ, ಗುಂಪುಗಳು ಎಷ್ಟು ಸ್ಪಷ್ಟವೆಂದು ಅಳೆಯುವ ಲೆಕ್ಕದಲ್ಲಿ ಒಳ್ಳೆಯ ಅಂಕ ಬರುತ್ತದೆಂದು ಗಿಮೆರಾ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದ್ದರು.

ನಿಜವಾಗಿ ಇರುವ ಗುಂಪು ಕಾಣದೆ ಹೋಗುವುದೂ ಉಂಟು. ಬಹುದೊಡ್ಡ ಜನಸಮೂಹವೊಂದು ಗುಟ್ಟಾಗಿ ಎರಡು ಸಮಪಾಲಾಗಿದೆ ಎನ್ನಿ. ಒಬ್ಬೊಬ್ಬರಿಗೆ ಸರಾಸರಿ ಮೂರು ನಂಟು: ಎರಡು ತಮ್ಮ ಗುಂಪಿನೊಳಗೆ, ಒಂದು ಆಚೆ. ಉಳಿದಂತೆ ಎಲ್ಲವೂ ಆಕಸ್ಮಿಕ. ಈ ನಂಟುಗಳ ನಕ್ಷೆಯೊಂದನ್ನೇ ನೋಡಿ ಯಾರು ಯಾವ ಗುಂಪು ಎಂದು ಹೇಳಹೊರಟರೆ, ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮ ಉತ್ತರ ಬಾರದು. ಅದೇ ಅನುಪಾತದಲ್ಲಿ ಸರಾಸರಿ ನಂಟು 9ನ್ನು ದಾಟಿದರೆ ಮಾತ್ರ ಸುಳಿವು ಸಿಗುತ್ತದೆ. 2011ರಲ್ಲಿ ಡೆಸೆಲ್, ಕ್ರಜಕಾಲಾ, ಮೂರ್, ಜ್ದೆಬೊರೊವಾ ಭೌತಶಾಸ್ತ್ರದ ದಾರಿಯಿಂದ ಈ ಗಡಿಯನ್ನು ಊಹಿಸಿದರು. ಗಡಿಯ ಕೆಳಗೆ ಪತ್ತೆ ಅಸಾಧ್ಯವೆಂದು ಮೊಸೆಲ್, ನೀಮನ್, ಸ್ಲೈ ಸಾಧಿಸಿದರು. ಮೇಲೆ ಸಾಧ್ಯವೆಂದು ಅವರೂ, ಪ್ರತ್ಯೇಕವಾಗಿ ಮಸ್ಸೂಲಿಯೆಯೂ ಸಾಧಿಸಿದರು.

ಹಾಗೆಂದು ಗುಂಪು ಹುಡುಕುವ ವಿದ್ಯೆಯೇ ವ್ಯರ್ಥವಲ್ಲ. ಅಮೆರಿಕದ ವಿಶ್ವವಿದ್ಯಾಲಯವೊಂದರ ಕರಾಟೆ ಕ್ಲಬ್ಬು ಒಡೆದಾಗ 34 ಸದಸ್ಯರಲ್ಲಿ ಯಾರು ಯಾವ ಕಡೆ ಹೋದರೆಂಬುದನ್ನು ವೇಯ್ನ್ ಜಕಾರಿ ಸ್ನೇಹದ ಜಾಲದಿಂದಲೇ, ಒಬ್ಬರನ್ನು ಬಿಟ್ಟು, ಸರಿಯಾಗಿ ಗುರುತಿಸಿದರು. 1977ರ ಆ ಪ್ರಬಂಧದ ಹಿಂದೆ ಕ್ಲಬ್ಬನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ಶ್ರಮವಿತ್ತು. ಜಗಳ ಏಕೆಂಬುದೂ ಅವರಿಗೆ ಗೊತ್ತಿತ್ತು.

ಫೋನ್ ಕರೆ, ಹಣ ವರ್ಗಾವಣೆಗಳ ಜಾಲ ಹಿಡಿದು ‘ಇವರೆಲ್ಲ ಒಂದೇ ಗ್ಯಾಂಗು’ ಎನ್ನುವ ವರದಿಗೆ ಆ ಶ್ರಮದ ಆಸರೆ ಇರಬೇಕು. ನಿಜಜೀವನದ ಜಾಲ ಗಣಿತದ ಮಾದರಿಯಷ್ಟು ಸರಳವಲ್ಲ, ಒಪ್ಪುತ್ತೇನೆ. ಅದು ಹೆಚ್ಚು ಎಚ್ಚರ ವಹಿಸಲು ಕಾರಣ. ಒಬ್ಬೊಬ್ಬರ ನಂಟಿನ ಸಂಖ್ಯೆ ಬದಲಾಗದಂತೆ ಗೆರೆಗಳನ್ನು ಕಲಸಿ ಅದೇ ಸಾಫ್ಟ್‌ವೇರನ್ನು ಮತ್ತೆ ಓಡಿಸಿ. ಆಗಲೂ ಅಷ್ಟೇ ಸ್ಪಷ್ಟ ಗುಂಪುಗಳು ಬಂದರೆ ವರದಿಯನ್ನು ಬದಿಗಿಡಬೇಕು. ‘ಈ ಮಾಹಿತಿಯಿಂದ ಹೇಳಲಾಗದು’ ಎಂದು ಬರೆಯುವ ತಜ್ಞರನ್ನು ಅಸಮರ್ಥರೆಂದು ಕಾಣಬಾರದು. ನಕ್ಷೆಯಲ್ಲಿ ಬಣ್ಣ ಒಂದೇ ಎಂದು ಯಾರನ್ನಾದರೂ ಠಾಣೆಗೆ ಕರೆಯುವ ಮುನ್ನ, ನಕ್ಷೆಯ ಹೊರಗಿನ ಒಂದು ಸಾಕ್ಷ್ಯವಾದರೂ ಇರಲೇಬೇಕೆಂಬ ನಿಯಮ ಬರಲಿ.