ಬೆಕ್ಕಿನ ತುರಿಕೆಯೆಲ್ಲ ಕಜ್ಜಿಯಲ್ಲ

ನಮ್ಮ ಮೂಗೂರಿನ ಕಡೆ ಬೆಕ್ಕು ಒಂದೇ ಸಮನೆ ಕೆರೆದುಕೊಂಡು ಕೂದಲು ಉದುರಿಸಿಕೊಂಡರೆ ಹಿರಿಯರ ತೀರ್ಪು ಒಂದೇ: ‘ಕಜ್ಜಿ ಹತ್ತದೆ, ಚೀಲಕ್ಕಾಕಿ ಊರಾಚೆ ಬುಟ್ಬುಡು.’ ಇಲಿ ಹಿಡಿಯಲು ಬೇಕಿದ್ದ ಬೆಕ್ಕು ಮೈ ಕೆರೆದ ಮಾತ್ರಕ್ಕೆ ಬೇಡವಾಗುವುದು ಯಾವ ನ್ಯಾಯ? ಎಷ್ಟೋ ಸಲ ಅದು ಕಜ್ಜಿಯೇ ಅಲ್ಲ, ಅಲರ್ಜಿ.

ನಮಗೆ ಅಲರ್ಜಿಯಾದರೆ ಸೀನು ಬರುತ್ತದೆ. ಬೆಕ್ಕಿಗೆ ಹೆಚ್ಚಾಗಿ ಚರ್ಮದಲ್ಲೇ ಕಾಣಿಸುತ್ತದೆ. ಕುತ್ತಿಗೆ, ಬೆನ್ನಿನ ಮೇಲೆ ಕೈಯಾಡಿಸಿದರೆ ರಾಗಿಕಾಳಿನಂಥ ಗುಳ್ಳೆಗಳು ಸಿಗುತ್ತವೆ. ಕೆಲವು ಬೆಕ್ಕುಗಳು ಕೆರೆಯದೆ, ನೆಕ್ಕಿ ನೆಕ್ಕಿಯೇ ಹೊಟ್ಟೆ ಬೋಳು ಮಾಡಿಕೊಳ್ಳುತ್ತವೆ. ನಾವೋ, ‘ಎಷ್ಟು ಶುಚಿಯಾಗಿದೆ’ ಎಂದು ಹೊಗಳುತ್ತೇವೆ!

ಮೊದಲು ಅನುಮಾನಿಸಬೇಕಾದ್ದು ಚಿಗಟವನ್ನು. ಅದರ ಜೊಲ್ಲಿಗೆ ಅಲರ್ಜಿಯಿರುವ ಬೆಕ್ಕಿಗೆ ಒಂದೆರಡು ಕಡಿತವೇ ಸಾಕು. ‘ನಮ್ಮ ಬೆಕ್ಕಿನ ಮೈಯಲ್ಲಿ ಚಿಗಟವೇ ಇಲ್ಲ’ ಎನ್ನಬೇಡಿ, ನೆಕ್ಕುವಾಗ ನುಂಗಿರುತ್ತದೆ. ಬಾಚಣಿಗೆಯಲ್ಲಿ ಬಂದ ಕರಿಪುಡಿಯನ್ನು ಒದ್ದೆ ಬಿಳಿಬಟ್ಟೆಯ ಮೇಲೆ ಉದುರಿಸಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಚಿಗಟದ ಮೊಟ್ಟೆ, ಮರಿಗಳಿರುವುದು ಬೆಕ್ಕು ಮಲಗುವ ಗೋಣಿತಾಟಿನಲ್ಲಿ, ನೆಲದ ಸಂದಿಯಲ್ಲಿ. ಬೆಕ್ಕಿಗಷ್ಟೇ ಔಷಧ ಹಾಕಿ ತಾಟನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ಮೀನು, ಕೋಳಿಯಂಥ ಆಹಾರವೂ ಆಗದಿರಬಹುದು. ಇದನ್ನು ಹಿಡಿಯಲು ನಂಬುವಂಥ ರಕ್ತಪರೀಕ್ಷೆ ಇಲ್ಲ. ವೈದ್ಯರು ಹೇಳಿದಂತೆ, ಹಿಂದೆ ತಿನ್ನದ ಆಹಾರವನ್ನಷ್ಟೇ ಸುಮಾರು 8 ವಾರ ಕೊಟ್ಟು, ಆಮೇಲೆ ಹಳೆಯದನ್ನು ಕೊಟ್ಟು ನೋಡಬೇಕು. ಲ್ಯಾಬ್‌ನಲ್ಲಿ ಕೆಟ್ಟ ಸರ್ಕ್ಯೂಟಿನ ಒಂದೊಂದೇ ಭಾಗ ಬಿಚ್ಚಿ ನೋಡಿದಂತೆ. ಆದರೆ ಪಕ್ಕದ ಮನೆಯ ಪಾತ್ರೆಗೂ ಬಾಯಿಹಾಕುವ ಬೆಕ್ಕಿಗೆ ಪಥ್ಯ ಮಾಡಿಸುವುದು ಬ್ಯಾಕ್‌ಲಾಗ್ ಕ್ಲಿಯರ್ ಮಾಡಿದಷ್ಟೇ ಕಷ್ಟ!

ನನಗೆ ಭಯವಿರುವುದು ಮನೆಮದ್ದಿನ ಬಗ್ಗೆ. ಸೀಮೆಎಣ್ಣೆ ಸವರುತ್ತಾರೆ, ನಾಯಿಯ ಉಣ್ಣೆಗೆ ತಂದ ಔಷಧವನ್ನೇ ಹಾಕುತ್ತಾರೆ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುವ ಪ್ರಾಣಿ. ನಾಯಿಗಳ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ದೇಹದಲ್ಲಿ ಸರಿಯಾಗಿ ಕರಗುವುದಿಲ್ಲ. ನಡುಕ, ಸೆಳೆತ ಬಂದು ಸಾಯಬಹುದು. ಪ್ಯಾರಾಸಿಟಮಾಲ್ ಕೂಡ ಅಷ್ಟೆ, ಒಂದು ಮಾತ್ರೆಯೇ ಜೀವ ತೆಗೆಯಬಲ್ಲದು. ಕಜ್ಜಿಯಿಂದ ಸತ್ತಿತು ಎಂದುಕೊಂಡ ಬೆಕ್ಕುಗಳಲ್ಲಿ ಮದ್ದಿನಿಂದ ಸತ್ತವೆಷ್ಟೋ!

ಪಶು ಆಸ್ಪತ್ರೆ ಇರುವುದು ಹಸು, ಎಮ್ಮೆಗೆ ಮಾತ್ರ ಎಂಬುದು ನಮ್ಮ ಕಲ್ಪನೆ. ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಮೇಲೊಂದು ಬಟ್ಟೆ ಕಟ್ಟಿ ಕರೆದೊಯ್ಯಿರಿ. ನಿಜವಾಗಿ ಕಜ್ಜಿಯೇ ಆಗಿದ್ದರೂ ಅದಕ್ಕೂ ಔಷಧವಿದೆ. ಬಸ್ಸಿನಲ್ಲಿ ನಾಲ್ಕು ಜನ ನಗಬಹುದು, ನಗಲಿ ಬಿಡಿ.