ಕಳೆ ಸಾಯಲಿಲ್ಲವೆಂದು ಮದ್ದು ಇಮ್ಮಡಿಸಬೇಡಿ

ಗುಲ್ವಾಡಿ ಕಡೆಯ ರೈತರೊಬ್ಬರು ಕಳೆದ ಮಳೆಗಾಲದಲ್ಲಿ ಕೈಯೆಲ್ಲ ಉರಿ, ಗುಳ್ಳೆ ಎಂದು ಬಂದರು. ಎರಡು ದಿನ ಬರಿಗೈಯಲ್ಲೇ ಭತ್ತದ ಗದ್ದೆಗೆ ಕಳೆನಾಶಕ ಹೊಡೆದಿದ್ದರಂತೆ. "ಮದ್ದ್ ಡಬ್ಬಲ್ ಹೊಡ್ದ್ರೂ ಕಳೆ ಸಾಯ್ಲಿಲ್ಲೆ ಡಾಕ್ಟ್ರೆ" ಎಂಬುದೇ ಅವರ ದೊಡ್ಡ ದೂರು. ಗುಳ್ಳೆಯದು ಆಮೇಲಿನ ಮಾತು.

ಈ ದೂರು ನನಗೆ ಹೊಸದಲ್ಲ. ನೆಗಡಿಗೂ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವವರು, "ಮೊದಲು ನಾಟುತ್ತಿದ್ದ ಮಾತ್ರೆ ಈಗ ನಾಟುವುದಿಲ್ಲ" ಎನ್ನುತ್ತಾರೆ. ರೋಗಾಣುಗಳ ಗುಂಪಿನಲ್ಲಿ ಮದ್ದನ್ನು ತಡೆದುಕೊಳ್ಳುವ ನಾಲ್ಕಾರು ಇರುತ್ತವೆ. ಮಿಕ್ಕವು ಸತ್ತರೆ ಜಾಗವೆಲ್ಲ ಅವುಗಳದೇ. ಗದ್ದೆಯಲ್ಲಿಯೂ ಹಾಗೆಯೇ: ವರ್ಷ ವರ್ಷ ಒಂದೇ ಮದ್ದು ಹೊಡೆದರೆ, ಬದುಕುಳಿದ ಕಳೆಯೇ ಬೀಜ ಉದುರಿಸುತ್ತದೆ.

ಹರಿಯಾಣದ ಗೋಧಿ ಬೆಳೆಗಾರರು ಇದನ್ನು 1990ರ ದಶಕದ ಆರಂಭದಲ್ಲೇ ಕಂಡರು. ಅಲ್ಲಿನ 'ಗುಲ್ಲಿ ದಂಡಾ' ಎಂಬ ಕಳೆ, ಎಳೆಯದರಲ್ಲಿ ಥೇಟ್ ಗೋಧಿ ಸಸಿಯಂತೆ. ಐಸೋಪ್ರೊಟ್ಯುರಾನ್ ಎಂಬ ಮದ್ದನ್ನು ಗೋಧಿ ತನ್ನೊಳಗೇ ಒಡೆದು ಬದುಕುತ್ತದೆ, ಕಳೆ ಸಾಯುತ್ತದೆ. ಅದನ್ನೇ ವರ್ಷಗಟ್ಟಲೆ ಬಳಸಿದ ಮೇಲೆ, ಹಾಗೆ ಒಡೆಯಬಲ್ಲ ಕಳೆಯೇ ಹೊಲ ತುಂಬಿತು.

ಹಾಗೆಂದು ನಮ್ಮ ಬೈಲಿನಲ್ಲಿ ಸಾಯದ ಕಳೆಯೆಲ್ಲ ಈ ಜಾತಿಯದೆನ್ನಲಾಗದು. ಹೊಡೆದ ಗಳಿಗೆಯಲ್ಲೇ ಮಳೆ ಬಂದು ತೊಳೆದಿರಬಹುದು, ಕಳೆ ಬಲಿತಿರಬಹುದು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ದೂರವೇನಿಲ್ಲ, ಕೇಳಿ ನೋಡಬಹುದು. ಆಳು ಸಿಗದ, ಸಿಕ್ಕರೂ ಕೂಲಿ ಕೊಟ್ಟು ಪೂರೈಸದ ಕಷ್ಟ ನನಗೂ ಗೊತ್ತು. ಕಳೆನಾಶಕವೇ ಬೇಡವೆಂದು ನಾನು ಹೇಳಲಾರೆ. ಆದರೆ ಪ್ರಮಾಣ ಇಮ್ಮಡಿಸುವುದಕ್ಕಿಂತ ಬೇರೆ ಗುಂಪಿನ ಮದ್ದಿಗೆ ಬದಲಿಸುವುದು, ನೆಟ್ಟ ಗದ್ದೆಯಲ್ಲಿ ನೀರು ನಿಲ್ಲಿಸುವುದು, ಉಳಿದ ಕಳೆಯನ್ನು ಬೀಜ ಕಟ್ಟುವ ಮೊದಲೇ ಕೈಯಲ್ಲಿ ಕೀಳುವುದು ಮೇಲು. ಇಮ್ಮಡಿ ಮದ್ದಿಗೆ ಕಳೆ ಜಗ್ಗದಿರಬಹುದು, ಹೊಡೆಯುವವರ ಚರ್ಮ, ಕಣ್ಣು ಜಗ್ಗುತ್ತವೆ.

ನನಗೆ ಹೆಚ್ಚು ಭಯ ತೋಟ, ಗದ್ದೆಯಂಚಿಗೆ ಹೊಡೆಯುವ ಪ್ಯಾರಾಕ್ವಾಟಿನದು. ತಪ್ಪಿ ಒಂದು ಗುಟುಕು ಹೊಟ್ಟೆಗೆ ಹೋದರೂ ಅದಕ್ಕೆ ಪ್ರತಿವಿಷವಿಲ್ಲ. ಮೊದಲೆರಡು ದಿನ ರೋಗಿ ಚೆನ್ನಾಗಿಯೇ ಕಾಣಬಹುದು. ಆಮೇಲೆ ಮೂತ್ರಪಿಂಡ, ಶ್ವಾಸಕೋಶ ಕೈಕೊಡುತ್ತವೆ. ನೆರೆಯ ಕೇರಳ 2011ರಲ್ಲೇ ಅದನ್ನು ನಿಷೇಧಿಸಿತು. ಯಾವ ಕಳೆನಾಶಕ ಹೊಟ್ಟೆಗೆ ಹೋದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿ ಸಮೇತ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೆಯಿರಿ.

ಆ ರೈತರ ಕೈಗೆ ಮುಲಾಮು ಬರೆದುಕೊಟ್ಟು, ಉಳಿದ ಮದ್ದು ಎಲ್ಲಿದೆ ಎಂದು ಕೇಳಿದೆ. ತಂಪು ಪಾನೀಯದ ಬಾಟಲಿಗೆ ಸುರಿದು ಅಡುಗೆಮನೆಯ ಅಟ್ಟದಲ್ಲಿಟ್ಟಿದ್ದರು. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ಔಷಧ ಆಮೇಲೆ ಕೊಳ್ಳಿ, ಮೊದಲು ಮನೆಗೆ ಫೋನ್ ಮಾಡಿ ಎಂದೆ.